ಇಪ್ಪತ್ತೈದು ಸಲ ಸಮುದ್ರ

೨೦೨೩ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನನಗೆ ಐವತ್ತೆರಡು ವರ್ಷ, ನಾಲ್ಕು ತಿಂಗಳು ತುಂಬಿದ್ದವು. ಆ ವಯಸ್ಸಿಗೆ ಮನುಷ್ಯನ ತಿಳಿವಳಿಕೆಯಲ್ಲಿ ತಿದ್ದುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲವೆಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ತಿದ್ದಿದ್ದು ಅಂಗೈಯಗಲದ ಒಂದು ಹಳದಿ ಪುಸ್ತಕ.

ಮೊನ್ನೆ ಸಿಂಗಪುರದ ನಮ್ಮ ಪಾಸಿರ್ ರಿಸ್ ಮನೆಯಲ್ಲಿ ಮಗಳು ನಿಧಿ ನನ್ನ ಮೇಜಿನ ಖಾನೆಯನ್ನು ಚೊಕ್ಕಟ ಮಾಡಲು ಕುಳಿತಿದ್ದಳು. ಆ ಪುಸ್ತಕವನ್ನು ಎರಡು ಬೆರಳುಗಳ ತುದಿಯಲ್ಲಿ ಎತ್ತಿ ಹಿಡಿದಳು.

“ಅಪ್ಪಾ, ಇದು ಟ್ವೆಂಟಿ ಟ್ವೆಂಟಿ ಥ್ರೀದು. ಎಕ್ಸ್‌ಪೈರ್ ಆಗಿದೆ. ಬಿಸಾಕ್ಲಾ?”

“ಬೇಡ. ಅದು ದಾಖಲೆ.”

“ಯಾವ ದಾಖಲೆ? ಬರೀ ಟೈಮಿಂಗ್ಸ್ ಇದೆ.”

“ಸಮುದ್ರ ಬಂದು ಹೋಗುವ ಸಮಯಗಳು. ಕೊಡು ಇಲ್ಲಿ.”

“ಓಕೆ ಲಾ, ಇಟ್ಕೋ. ಆದ್ರೆ ನಾಲ್ಕು ಖಾಲಿ ಗಮ್ ಡಬ್ಬಿ ಇದೆ, ಅದೂ ದಾಖಲೆನಾ?”

ಗೋಂದಿನ ಡಬ್ಬಿಗಳನ್ನು ಬಿಟ್ಟುಕೊಟ್ಟು ಪುಸ್ತಕವನ್ನು ಉಳಿಸಿಕೊಂಡೆ. ಅದು ನನ್ನ ಕೈಗೆ ಬಂದದ್ದು ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಸಣ್ಣ ಹಳ್ಳಿಯಲ್ಲಿ. ಅದು ಕೈಗೆ ಬಂದ ದಿನವೇ ನನಗೆ ಇನ್ನೊಂದು ವಿಷಯವೂ ತಿಳಿಯಿತು: ಇಪ್ಪತ್ತು ವರ್ಷಗಳ ಹಿಂದೆ ತುಂಬಿದ ತರಗತಿಯ ಎದುರಿಗೆ ಯಾವ ಹುಡುಗಿಯನ್ನು ನಾನು ಸುಳ್ಳುಗಾತಿ ಎಂದು ಸಾರಿದ್ದೆನೋ ಅವಳು ನಿಜವನ್ನೇ ಬರೆದಿದ್ದಳು.

ಹೇಳುವುದನ್ನು ಕ್ರಮವಾಗಿ ಹೇಳಬೇಕೆಂದು ಮಕ್ಕಳಿಗೆ ಬೋಧಿಸಿದವನು ನಾನು. ನನ್ನದೇ ಕಥೆಯಲ್ಲಿ ಕ್ರಮ ತಪ್ಪುತ್ತಿದೆ. ಇರಲಿ, ಓದುವ ನೀವು ಸಹಿಸಿಕೊಳ್ಳಬೇಕು. ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷ ಕನ್ನಡ ಕಲಿಸಿದೆ. ನನ್ನ ಹೆಂಡತಿ ವಸುಧಾಳಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದಾಗ, ೨೦೧೧ರಲ್ಲಿ, ಅವಳ ಸೂಟ್‌ಕೇಸುಗಳೊಂದಿಗೆ ನಾನೂ ಇಲ್ಲಿಗೆ ಬಂದಿಳಿದೆ. ಅವಳು ಚಾಂಗಿಯ ಕಡೆ ಆಫೀಸಿಗೆ ಹೋಗುತ್ತಾಳೆ. ನಾನು ಮನೆ ನೋಡಿಕೊಳ್ಳುತ್ತೇನೆ, ಭಾನುವಾರ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನ, ಎಂದರೆ ಗೋಡೆಗಳಿಲ್ಲದ ನೆಲಮಹಡಿಯ, ಕಲ್ಲುಮೇಜಿನ ಸುತ್ತ ಆರು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ, ವಾಟ್ಸ್ಯಾಪಿನಲ್ಲಿ ಬರುವ ಶುಭೋದಯಗಳ ಕಾಗುಣಿತ ತಿದ್ದುತ್ತೇನೆ. ಮೂರನೆಯ ಕೆಲಸವನ್ನು ನನಗೆ ಯಾರೂ ವಹಿಸಿಲ್ಲ.

ಮೈಸೂರಿನಲ್ಲಿ ನನಗೆ ಎರಡು ನಿಯಮಗಳಿದ್ದವು. ತಪ್ಪು ಬರೆದವರು ಸರಿಯಾದ ವಾಕ್ಯವನ್ನು ಇಪ್ಪತ್ತೈದು ಸಲ ಬರೆಯಬೇಕು, ಪ್ರತಿ ಸಾಲಿಗೂ ಎಡಗಡೆ ಸಂಖ್ಯೆ ಹಾಕಬೇಕು. ಅದನ್ನು ನಾನು ಕೆಂಪು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು, ಸಹಿ ಮಾಡಿ, ಸಹಿಯ ಕೆಳಗೆ ದಿನಾಂಕ ಹಾಕುವವರೆಗೆ ಆ ತಪ್ಪು ತೀರಿದಂತಲ್ಲ. ಮಕ್ಕಳು ಹನ್ನೊಂದಾದ ಮೇಲೆ ಹದಿಮೂರಕ್ಕೆ ಹಾರುತ್ತಿದ್ದರು. ನಾನು ಸಾಲುಗಳನ್ನು ಓದದಿದ್ದರೂ ಸಂಖ್ಯೆಗಳನ್ನು ತಪ್ಪದೆ ಓದುತ್ತಿದ್ದೆ. “ಹನ್ನೆರಡು ಎಲ್ಲಿ?” ಎಂಬ ನನ್ನ ಪ್ರಶ್ನೆ ಶಾಲೆಯಲ್ಲಿ ಪ್ರಸಿದ್ಧವಾಗಿತ್ತು. ಸಿಂಗಪುರದ ಮಕ್ಕಳ ಮೇಲೂ ಈ ಪದ್ಧತಿಯನ್ನು ಪ್ರಯೋಗಿಸಲು ಹೊರಟಾಗ ನಿಧಿ ತಡೆದಳು: “ಇಲ್ಲಿ ಹಾಗೆಲ್ಲ ಮಾಡಿದ್ರೆ ಪೇರೆಂಟ್ಸ್ ಗ್ರೂಪಲ್ಲಿ ನಿನ್ನ ಬಗ್ಗೆನೇ ಇಪ್ಪತ್ತೈದು ಮೆಸೇಜ್ ಬರತ್ತೆ.”

ಇನ್ನು ಆ ಹಳ್ಳಿ. ವಸುಧಾಳಿಗೆ ಲಂಡನ್ನಿನಲ್ಲಿ ಒಂದು ವಾರದ ಕೆಲಸವಿತ್ತು. ನಾನು ಜೊತೆಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ನಾಲ್ಕು ದಿನ ಸದ್ದಿಲ್ಲದ ಕಡೆ ಇರಬೇಕೆಂದು ಅವಳು ಹೇಳಿದ್ದಕ್ಕೆ ನಿಧಿ ಇಲ್ಲಿಂದಲೇ ಒಂದು ಕೋಣೆ ಬುಕ್ ಮಾಡಿದ್ದಳು. ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ಹತ್ತು ಅಕ್ಷರ, ಅಲ್ಲಿನವರು ಉಚ್ಚರಿಸುವುದು ನಾಲ್ಕನ್ನು. ಬರೆದಂತೆ ಓದುವ ಭಾಷೆಯಲ್ಲಿ ಹುಟ್ಟಿದ ನನಗೆ ಅದು ಮೊದಲ ದಿನವೇ ಅಸಮಾಧಾನ ತಂದಿತು. ಒಂದೇ ಬೀದಿ, ಒಂದು ಸಣ್ಣ ಚರ್ಚು, ಅಂಚೆ ಕಚೇರಿಯೂ ಆಗಿದ್ದ ಒಂದು ಅಂಗಡಿ. ಮನೆಗಳೆಲ್ಲ ಬೂದುಗಲ್ಲಿನವು. ನಮ್ಮ ಕೋಣೆಯ ಕಿಟಕಿಯ ಕೆಳಗೆ ಎದೆಮಟ್ಟದ ಕಲ್ಲುಗೋಡೆ, ಅದರಾಚೆ ಸಮುದ್ರ.

ನಾವು ತಲುಪಿದ್ದು ಸಂಜೆ ಏಳಕ್ಕೆ. ನೀರು ಗೋಡೆಯನ್ನು ಮುಟ್ಟುತ್ತಿತ್ತು. ನಾಲ್ಕು ದೋಣಿಗಳು ತೇಲುತ್ತಿದ್ದವು. ಮರುದಿನ ಬೆಳಿಗ್ಗೆ ಏಳೂವರೆಗೆ ಪರದೆ ಸರಿಸಿದೆ. ನೀರು ಅಲ್ಲೇ ಇತ್ತು, ದೋಣಿಗಳೂ ನಾಲ್ಕೇ ಇದ್ದವು. ನನ್ನ ದಿನಚರಿಯಲ್ಲಿ ಹೀಗೆ ಬರೆದೆ: ‘ಸಮುದ್ರ, ಎರಡು ವೀಕ್ಷಣೆಗಳು, ಹನ್ನೆರಡೂವರೆ ಗಂಟೆಗಳ ಅಂತರ. ಯಾವ ವ್ಯತ್ಯಾಸವೂ ಇಲ್ಲ. ಇದು ಬಹಳ ಶಾಂತವಾದ ಸಮುದ್ರ.’ ಈಗಲೂ ಆ ಪುಟವಿದೆ. ಹರಿದು ಹಾಕಬೇಕೆನಿಸಿದರೂ ಹರಿದಿಲ್ಲ.

ಅನಂತರ ನಾವು ಚರ್ಚಿನ ಹಿಂದಿನ ಗುಡ್ಡ ಹತ್ತಿಳಿದು, ಅಂಗಡಿಯಲ್ಲಿ ಬ್ರೆಡ್ಡು ಕೊಂಡು, ಒಂದೂವರೆಯ ಹೊತ್ತಿಗೆ ಕೋಣೆಗೆ ಮರಳಿದೆವು. ನಾನು ಕಿಟಕಿಯ ಬಳಿಗೆ ಹೋದೆ.

“ವಸುಧಾ, ಸಮುದ್ರ ಇಲ್ಲ.”

“ಕನ್ನಡಕ ಹಾಕ್ಕೊಳ್ರಿ.”

“ಹಾಕಿಕೊಂಡೇ ಇದ್ದೇನೆ. ನೀನೇ ಬಂದು ನೋಡು.”

ಬಂದು ನೋಡಿದಳು. ಐದು ನಿಮಿಷ ನಾವಿಬ್ಬರೂ ಒಂದೇ ಕಡೆಗೆ ನೋಡುತ್ತಾ ನಿಂತೆವು. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ಅಂಥ ಐದು ನಿಮಿಷಗಳು ಹೆಚ್ಚಿಲ್ಲ.

ಗೋಡೆಯ ಬುಡದಿಂದ ಆಕಾಶದ ಅಂಚಿನವರೆಗೆ ಕಂದು ಕೆಸರು ಹೊಳೆಯುತ್ತಿತ್ತು. ನಾಲ್ಕು ದೋಣಿಗಳೂ ಮಧ್ಯಾಹ್ನದ ಎಮ್ಮೆಗಳ ಹಾಗೆ ಪಕ್ಕೆಯ ಮೇಲೆ ಮಲಗಿದ್ದವು. ಅವುಗಳ ಲಂಗರಿನ ಸರಪಳಿ ಬರಿಯ ನೆಲದ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು. ನಾವು ಬೆಳಿಗ್ಗೆ ಅಲೆಗಳನ್ನು ಕಂಡಿದ್ದ ಜಾಗದಲ್ಲಿ ಒಬ್ಬ ಮುದುಕ ಮೊಣಕಾಲುದ್ದದ ಬೂಟು ಹಾಕಿಕೊಂಡು, ನಾಯಿಯೊಂದಿಗೆ, ಏನೂ ಆಗಿಲ್ಲವೆಂಬಂತೆ ನಡೆದು ಬರುತ್ತಿದ್ದ. ಅವನ ಹಿಂದೆ ಎಷ್ಟೋ ದೂರದಲ್ಲಿ ಬೆಳ್ಳಿಯ ಎಳೆಯಂಥದೊಂದು ಗೆರೆ. ಅದು ಸಮುದ್ರವಂತೆ.

ಕೆಳಗಿಳಿದು ಮನೆಯೊಡತಿಯನ್ನು ಕೇಳಿದೆ. ಎಪ್ಪತ್ತು ದಾಟಿದ ಹೆಂಗಸು, ಪಿಂಗಾಣಿ ಒರೆಸುತ್ತಿದ್ದರು. ಮುಂದಿನ ಬಸ್ಸಿನ ಸಮಯ ಹೇಳುವವರಂತೆ, “ಹೋಗಿದೆ. ಏಳೂ ಐವತ್ತಕ್ಕೆ ತುಂಬಿರುತ್ತದೆ” ಎಂದರು. ಮತ್ತೆ ನನ್ನ ಮುಖ ನೋಡಿ, ಕೆಟಲಿನ ಪಕ್ಕದ ಮೊಳೆಗೆ ನೇತುಹಾಕಿದ್ದ ಹಳದಿ ಪುಸ್ತಕವನ್ನು ತೆಗೆದು ಕೊಟ್ಟರು. ಇಡೀ ವರ್ಷದ ಪ್ರತಿದಿನ ಸಮುದ್ರ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತುಂಬುತ್ತದೆ, ಎಷ್ಟಕ್ಕೆ ಇಳಿಯುತ್ತದೆ ಎಂಬುದು ಅದರಲ್ಲಿ ಅಚ್ಚಾಗಿತ್ತು. ಶಾಲೆಯ ವೇಳಾಪಟ್ಟಿಗಳನ್ನು ಹದಿನಾರು ವರ್ಷ ಬರೆದ ಕೈ ನನ್ನದು. ಒಂದು ವಾರವೂ ಯಾವ ತರಗತಿಯೂ ಅವುಗಳನ್ನು ಪಾಲಿಸಲಿಲ್ಲ. ಇಲ್ಲಿ ಇಡೀ ಸಮುದ್ರವೇ ಪಾಲಿಸುತ್ತಿತ್ತು.

ನಾಲ್ಕು ಗಂಟೆಗೆ ಆ ಗೋಡೆಯ ಮೇಲೆ ಕುಳಿತೆ. ಅದು ಹೇಗೆ ಬರುತ್ತದೆಂದು ನೋಡಬೇಕಿತ್ತು. ಅಬ್ಬರದಿಂದ ಬರಬಹುದೆಂದುಕೊಂಡಿದ್ದೆ. ಹಾಗೆ ಬರಲಿಲ್ಲ. ಮೊದಲು ಕೆಸರಿನ ಸೀಳುಗಳಲ್ಲಿ ಬೆಳಕು ಹರಿಯಿತು. ಅದು ಬೆಳಕಲ್ಲ, ನೀರು ಎಂದು ತಿಳಿಯಲು ಹೊತ್ತು ಹಿಡಿಯಿತು. ಸೀಳುಗಳು ತುಂಬಿ ಒಂದನ್ನೊಂದು ಕೂಡಿದವು. ಹಕ್ಕಿಗಳು ಹತ್ತು ಹೆಜ್ಜೆ ಹಿಂದೆ ಸರಿದು ನಿಂತವು, ಮತ್ತೆ ಹತ್ತು ಹೆಜ್ಜೆ. ಆರೂವರೆಯ ಹೊತ್ತಿಗೆ ಮೊದಲನೆಯ ದೋಣಿ ಒಮ್ಮೆ ಮೈ ನಡುಗಿಸಿ, ನಿದ್ದೆಯಿಂದ ಏಳುವವರ ಹಾಗೆ ತಾನಾಗಿ ನೆಟ್ಟಗಾಯಿತು. ಆಮೇಲೆ ಎರಡನೆಯದು. ಸೂರ್ಯ ಮುಳುಗುವಾಗ ನನ್ನ ಕಾಲ ಕೆಳಗೆ ಕೈಯಿಂದ ಕಲ್ಲನ್ನು ತಟ್ಟಿದಂತೆ ಮೆತ್ತಗೆ ಒಂದು ಸದ್ದಾಯಿತು. ಗಡಿಯಾರ ನೋಡಿದೆ. ಏಳೂ ನಲವತ್ತೊಂಬತ್ತು.

ನಾನು ದೇವಸ್ಥಾನಗಳಲ್ಲಿ ಕೈ ಮುಗಿಯುವಾಗಲೂ ಚಪ್ಪಲಿಯ ಮೇಲೆ ಒಂದು ಕಣ್ಣಿಡುವವನು. ಆ ಸಂಜೆ ನನಗೆ ತಿಳಿಯದೆಯೇ ಕೈಗಳು ಕೂಡಿದ್ದವು. ಅದೇ ಗಳಿಗೆಯಲ್ಲಿ, ಎಲ್ಲಿಂದಲೋ, ಒಂದು ವಾಕ್ಯ ನೆನಪಾಯಿತು: ‘ಸಮುದ್ರವು ಬೆಳಿಗ್ಗೆ ಎದ್ದು ಹೋಗುತ್ತದೆ.’

ಆ ವಾಕ್ಯವನ್ನು ಬರೆದವಳು ಪುಷ್ಪಲತಾ. ೨೦೦೩ರಲ್ಲಿ, ಒಂಬತ್ತನೆಯ ತರಗತಿಯಲ್ಲಿ, ‘ನಾನು ಕಂಡ ಸಮುದ್ರ’ ಎಂಬ ಪ್ರಬಂಧದಲ್ಲಿ. ಮೈಸೂರಿನ ನಲವತ್ತು ಮಕ್ಕಳಲ್ಲಿ ಸಮುದ್ರ ಕಂಡಿದ್ದವರು ಮೂವರೋ ನಾಲ್ವರೋ. ಉಳಿದವರೆಲ್ಲ ‘ಭೋರ್ಗರೆಯುವ ಅಲೆಗಳು’ ಎಂದು ಒಬ್ಬರನ್ನೊಬ್ಬರು ನೋಡಿ ಬರೆದಿದ್ದರು, ನಾನು ಸರಿ ಗುರುತು ಹಾಕಿದ್ದೆ. ಅವಳ ಹಾಳೆಯಲ್ಲಿ ಭೋರ್ಗರೆತವಿರಲಿಲ್ಲ. ‘ನನ್ನ ತಂದೆಯವರು ಗುಜರಾತಿನಲ್ಲಿ ಹಳೆಯ ಹಡಗುಗಳನ್ನು ಒಡೆಯುವ ಊರಿನಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಸಮುದ್ರವು ಬೆಳಿಗ್ಗೆ ಎದ್ದು ಹೋಗುತ್ತದೆ. ಹಡಗುಗಳು ಕೆಸರಿನಲ್ಲಿ ಕುಳಿತಿರುತ್ತವೆ. ನನ್ನ ತಂದೆಯವರು ಹಡಗಿನವರೆಗೆ ನಡೆದು ಹೋಗುತ್ತಾರೆ. ಸಂಜೆ ಸಮುದ್ರವು ಹಿಂದಿರುಗುತ್ತದೆ.’ ಒಂದೇ ಒಂದು ತಪ್ಪಿರಲಿಲ್ಲ. ನನ್ನನ್ನು ಕೆರಳಿಸಿದ್ದು ಬಹುಶಃ ಅದೇ. ಇಷ್ಟು ಚೊಕ್ಕವಾಗಿ ಬರೆಯಬಲ್ಲವಳು ಇಷ್ಟು ದೊಡ್ಡ ಸುಳ್ಳು ಬರೆಯಬಹುದೇ?

ನನಗೆ ತಿಳಿದಿದ್ದ ಸಮುದ್ರ ಯಾವುದೆನ್ನುತ್ತೀರಿ? ಶಿಕ್ಷಕರ ತರಬೇತಿಗೆಂದು ಮಂಗಳೂರಿಗೆ ಹೋದಾಗ, ಎರಡು ದಿನ, ಸಂಜೆ ಐದರಿಂದ ಆರರವರೆಗೆ ಕಂಡದ್ದು. ಎರಡು ಸಲವೂ ಅದು ಇದ್ದಲ್ಲೇ ಇತ್ತು. ಇನ್ನೂ ನಾಚಿಕೆಯ ಮಾತೆಂದರೆ, ‘ಉಬ್ಬರವಿಳಿತ’ ಎಂಬ ಪದವನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಉಬ್ಬರವೂ ಇಳಿತವೂ, ದ್ವಂದ್ವ ಸಮಾಸ. ಪದವನ್ನು ಬಿಡಿಸಿದವನಿಗೆ ಅದರೊಳಗೆ ಒಂದು ಇಡೀ ಸಮುದ್ರ ಎದ್ದು ಹೋಗಿ ಮರಳಿ ಬರುತ್ತಿದೆಯೆಂದು ಹೊಳೆಯಲಿಲ್ಲ.

ಅವಳನ್ನು ನಿಲ್ಲಿಸಿ ಪ್ರಬಂಧವನ್ನು ಗಟ್ಟಿಯಾಗಿ ಓದಿಸಿದೆ. ತರಗತಿ ನಕ್ಕಿತು. ‘ಸಮುದ್ರ ಎಲ್ಲಿಗೂ ಹೋಗುವುದಿಲ್ಲ’ ಎಂದು ಇಪ್ಪತ್ತೈದು ಸಲ ಬರೆದುಕೊಂಡು ಬಾ ಎಂದೆ. ಮರುದಿನ ತಂದಳು. ಒಂದೂ ಸಂಖ್ಯೆ ಹಾರಿರಲಿಲ್ಲ. ನೋಡಿದೆ, ಸಹಿ, ದಿನಾಂಕ.

ಸಿಂಗಪುರಕ್ಕೆ ಮರಳಿದ ಮೇಲೆ ಈ ಕಥೆಯನ್ನು ನಿಧಿಗೆ ಹೇಳಿದೆ. ಅವಳಿಗೆ ಆಶ್ಚರ್ಯವಾದದ್ದು ಬೇರೆ ಕಾರಣಕ್ಕೆ.

“ಅಪ್ಪಾ, ಲೋ ಟೈಡ್ ಇಲ್ಲೂ ಆಗತ್ತೆ. ನಮ್ಮ ಮನೆ ಹತ್ರಾನೇ. ಪ್ರೈಮರಿ ಫೋರಲ್ಲಿ ಸ್ಕೂಲಿಂದ ಸ್ಟಾರ್‌ಫಿಶ್ ನೋಡಕ್ಕೆ ಕರ್ಕೊಂಡ್ ಹೋಗಿದ್ರು. ಫಾರ್ಮ್‌ಗೆ ನೀನೇ ಸೈನ್ ಮಾಡಿದ್ದೆ.”

“ದಿನಾಂಕ ಹಾಕಿದ್ದೆನಾ?”

“ಅದೆಲ್ಲ ಕರೆಕ್ಟಾಗಿ ಹಾಕಿದ್ದೆ.”

ಹನ್ನೆರಡು ವರ್ಷ ಪಾಸಿರ್ ರಿಸ್ ಕಡಲತೀರದಲ್ಲಿ ನಾನು ಪ್ರತಿ ಸಂಜೆ ಆರರಿಂದ ಆರೂ ನಲವತ್ತರವರೆಗೆ ನಡೆದಿದ್ದೇನೆ. ಫೋನಿನಲ್ಲಿ ಹೆಜ್ಜೆಗಳ ಲೆಕ್ಕ ನೋಡುತ್ತಾ ನಡೆದಿದ್ದೇನೆ.

ಪುಷ್ಪಲತಾಳನ್ನು ಹುಡುಕಿಕೊಟ್ಟವನು ಗಿರೀಶ. ಅದೇ ತರಗತಿಯ ಕೊನೆಯ ಬೆಂಚಿನವನು. ಈಗ ಇಲ್ಲೇ ಕ್ಲೆಮೆಂಟಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ತಿಂಗಳಿಗೊಂದು ಭಾನುವಾರ ಎಂಆರ್‌ಟಿ ರೈಲು ಹತ್ತಿ ದ್ವೀಪದ ಆ ತುದಿಯಿಂದ ಈ ತುದಿಗೆ, ವಸುಧಾಳ ಬಿಸಿಬೇಳೆಬಾತಿಗಾಗಿ ಬರುತ್ತಾನೆ. ನನ್ನನ್ನು ನೋಡಲು ಬಂದೆನೆನ್ನುತ್ತಾನೆ.

“ಯಾರು ಸಾರ್, ಸಮುದ್ರಲತಾನಾ?” ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡ. “ಆ ಹೆಸರು ನಾನೇ ಇಟ್ಟಿದ್ದು ಸಾರ್. ಟೆಂತ್ ಮುಗಿಯೋವರೆಗೂ ಹಂಗೇ ಕರೀತಿದ್ವಿ.”

“ಗೊತ್ತು. ಅದಕ್ಕೆ ನಿನಗೆ ಶಿಕ್ಷೆಯನ್ನೂ ಕೊಟ್ಟಿದ್ದೆ.”

“ಇಲ್ಲ ಸಾರ್. ಕೊಡ್ಲಿಲ್ಲ.” ಅವನು ತಟ್ಟೆಯನ್ನೇ ನೋಡುತ್ತಿದ್ದ. “ನೀವೂ ನಕ್ರಿ.”

ವಸುಧಾ ಅವನಿಗೆ ಇನ್ನೊಂದು ಸೌಟು ಬಡಿಸಿದಳು. ನನಗೆ ಬಡಿಸಲಿಲ್ಲ.

ಗಿರೀಶ ಹಳೆಯ ಸಹಪಾಠಿಗಳನ್ನು ವಿಚಾರಿಸಿ ನಂಬರು ತರಲು ಡಿಸೆಂಬರ್ ಆಯಿತು. ಅವಳು ಮಂಡ್ಯದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಒಂಬತ್ತು ವರ್ಷದ ಮಗಳಿದ್ದಾಳೆ. ಮಾತನಾಡಬೇಕಾದ ಅಂಶಗಳನ್ನು ಕಾಗದದಲ್ಲಿ ಬರೆದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. ಹೆಸರು ಹೇಳಿದೆ. ಆ ಕಡೆ ಕುಕ್ಕರು ಒಂದು ಸಲ ಕೂಗಿತು.

“ನಮಸ್ತೆ ಸಾರ್,” ಎಂದಳು. “ಎದ್ದು ನಿಂತ್ಕೊಂಡು ಮಾತಾಡ್ತಿದೀನಿ. ಯಾಕೋ ಕೂರಕ್ಕಾಗ್ತಿಲ್ಲ.”

ಕೂತುಕೋ ಎಂದೆ. ಕಾಗದದ ಮೊದಲನೆಯ ಅಂಶವನ್ನು ಓದಿದೆ: ನಾನು ಇಂಗ್ಲೆಂಡಿನಲ್ಲಿ ಒಂದು ಸಮುದ್ರವನ್ನು ನೋಡಿದೆ, ಅದು ಎದ್ದು ಹೋಯಿತು, ಮತ್ತೆ ಬಂದಿತು. ನೀನು ಬರೆದಿದ್ದು ನಿಜ. ತಪ್ಪು ನನ್ನದು.

ಆ ಕಡೆ ಕುಕ್ಕರು ಮತ್ತೊಮ್ಮೆ ಕೂಗಿತು. ಅವಳು ಒಲೆ ಆರಿಸಿದ್ದು ಕೇಳಿಸಿತು.

“ಸಾರ್, ನಾನು ಅದು ಕನಸು ಅನ್ಕೊಂಡಿದ್ದೆ,” ಎಂದಳು.

ಆಮೇಲೆ ಹೇಳಿದಳು. ಅವಳಿಗೆ ಆರು ವರ್ಷವಾಗಿದ್ದಾಗ, ಬೇಸಿಗೆಯಲ್ಲಿ ಒಂದು ತಿಂಗಳು, ತಾಯಿಯೊಂದಿಗೆ ತಂದೆ ಕೆಲಸ ಮಾಡುತ್ತಿದ್ದ ಊರಿಗೆ ಹೋಗಿದ್ದಳು. ತಾಯಿ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಒಂದು ದಿನ ತಂದೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಡಕ್ಕೆ ಕರೆದೊಯ್ದು, ಸಮುದ್ರ ಹೋಗಿರುವುದನ್ನು ತೋರಿಸಿದ. ಮರುವರ್ಷ ಜ್ವರ ಬಂದು ತೀರಿಕೊಂಡ. ನನಗೆ ಪ್ರಬಂಧ ಬರೆದುಕೊಟ್ಟಾಗ ತಂದೆ ಇಲ್ಲವಾಗಿ ಏಳು ವರ್ಷಗಳಾಗಿದ್ದವು. ‘ಕೆಲಸ ಮಾಡುತ್ತಾರೆ’ ಎಂದು ಅವಳು ಬರೆದದ್ದನ್ನು ನಾನು ಓದಿದ್ದೆ. ತಂದೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

“ಅಪ್ಪಂದು ನಂಗೆ ನೆನಪಿದ್ದಿದ್ದು ಅದೊಂದೇ ಸಾರ್. ನೀವು ಸುಳ್ಳು ಅಂದ್ರಲ್ಲ, ಆಮೇಲೆ ನಂಗೂ ಡೌಟ್ ಬಂತು. ಆರು ವರ್ಷದ ಮಗು, ಏನೋ ಅನ್ಕೊಂಡಿರುತ್ತೆ ಅಂತ. ಅಪ್ಪ ಕೂಡ ಕನಸಲ್ಲೇ ಬಂದಿದ್ರೇನೋ ಅಂತ. ನನ್ನ ಮಗಳಿಗೆ ಇವತ್ತಿನವರೆಗೂ ಹೇಳಿಲ್ಲ.”

“ಫೋನಿನಲ್ಲಿ ಹುಡುಕಿದ್ದರೆ ಸಿಗುತ್ತಿತ್ತಲ್ಲಮ್ಮ?”

“ಸಿಗ್ತಿತ್ತು. ಹುಡುಕ್ಲಿಲ್ಲ. ನೀವು ಹೇಳಿದ್ದೇ ನಿಜ ಆಗ್ಬಿಟ್ಟಿದ್ರೆ?”

ನನ್ನ ಕಾಗದದಲ್ಲಿ ಇನ್ನೂ ಎರಡು ಅಂಶಗಳಿದ್ದವು. ಅವುಗಳನ್ನು ಓದಲಿಲ್ಲ. ನನ್ನ ನಿಯಮ ನಿನಗೆ ನೆನಪಿದೆಯೇ ಎಂದು ಕೇಳಿದೆ. ನೆನಪಿಲ್ಲದೆ ಏನು ಸಾರ್ ಎಂದಳು. ಹಾಗಾದರೆ ಇಪ್ಪತ್ತೈದು ಸಲ ಬರೆದು ಕಳಿಸುತ್ತೇನೆ, ನೀನು ನೋಡಿ ಸಹಿ ಹಾಕಬೇಕು ಎಂದೆ. “ಅಯ್ಯೋ, ಬೇಡ ಸಾರ್” ಎಂದು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ವಿಳಾಸ ಹೇಳಿದಳು.

ಜನವರಿಯ ಮೊದಲ ವಾರ ಗೆರೆ ಹಾಕಿದ ಹಾಳೆ ತಂದು, ಊಟದ ಮೇಜಿನ ಮೇಲೆ, ‘ಸಮುದ್ರ ಎದ್ದು ಹೋಗುತ್ತದೆ, ಮತ್ತೆ ಬರುತ್ತದೆ’ ಎಂದು ಬರೆಯತೊಡಗಿದೆ. ಬರೆಯಿಸುವುದು ಬೇರೆ, ಬರೆಯುವುದು ಬೇರೆ. ಎಂಟನೆಯ ಸಾಲಿಗೆ ಹೆಬ್ಬೆರಳು ನೋಯುತ್ತದೆ. ಹದಿಮೂರಕ್ಕೆ ವಾಕ್ಯದ ಅರ್ಥ ಕರಗಿ ಬರಿಯ ಗೆರೆಗಳು ಉಳಿಯುತ್ತವೆ. ಎಷ್ಟು ಮಕ್ಕಳು ಎಷ್ಟು ಸಂಜೆ ಹೀಗೆ ಕುಳಿತಿದ್ದರೋ. ನಡುವೆ ವಸುಧಾ, “ಇಂಪೊಸಿಷನ್ ಮುಗೀತಾ? ಮೇಜು ಒರೆಸ್ಬೇಕು” ಎಂದಳು. ಮುಗಿಸಿ, ಮಡಿಚಿ, ಅಂಚೆಗೆ ಹಾಕಿದೆ.

ಫೆಬ್ರವರಿಯ ಮೊದಲ ವಾರ ಅವಳಿಂದಲೇ ಫೋನು ಬಂತು. ದನಿ ಗಂಭೀರವಾಗಿತ್ತು.

“ಸಾರ್, ಹದಿನೆಂಟು ಎಲ್ಲಿ?”

“ಏನು?”

“ಹದಿನೇಳು ಆದ್ಮೇಲೆ ಹತ್ತೊಂಬತ್ತು ಇದೆ. ಹದಿನೆಂಟು ಇಲ್ಲ. ರೆಡ್ ಪೆನ್ನಲ್ಲಿ ರೌಂಡ್ ಹಾಕಿದೀನಿ. ಬೇಜಾರ್ ಮಾಡ್ಕೋಬೇಡಿ ಸಾರ್.” ಹಿಂದೆ ಒಂದು ಪುಟ್ಟ ನಗು ಕೇಳಿಸಿತು. ಮಗಳಿರಬೇಕು.

ವಸುಧಾ ಮೇಜು ಒರೆಸುವ ಮಾತು ತೆಗೆದದ್ದು ಹದಿನೇಳನೆಯ ಸಾಲು ಮುಗಿದಾಗಲೇ. ಆದರೆ ಅದನ್ನು ಹೇಳಲಿಲ್ಲ. ನನ್ನ ತರಗತಿಯಲ್ಲಿ ನೆಪಗಳಿಗೆ ಅವಕಾಶವಿರಲಿಲ್ಲ. ಬರೆದು ಕಳಿಸುತ್ತೇನೆ ಎಂದೆ.

“ಒಂದ್ನಿಮಿಷ ಸಾರ್. ಹದಿನೆಂಟನೇದು ಬೇರೆ ಸೆಂಟೆನ್ಸ್ ಬರೀತೀರಾ? ನಾನು ಹೇಳ್ತೀನಿ, ಬರ್ಕೊಳ್ಳಿ.”

ಅವಳು ಹೇಳಿದಳು. ನಾನು ನಿಂತುಕೊಂಡೇ ಬರೆದುಕೊಂಡೆ.

ಚೀನೀ ಹೊಸವರ್ಷದ ರಜೆಯ ಸಂಜೆ ನಿಧಿ ನನ್ನನ್ನು ಪಾಸಿರ್ ರಿಸ್ ತೀರಕ್ಕೆ ಕರೆದೊಯ್ದಳು. ಫೋನನ್ನು ಅವಳೇ ಇಟ್ಟುಕೊಂಡಳು. ನೀರು ಹಿಂದೆ ಸರಿದಿತ್ತು. ಇಂಗ್ಲೆಂಡಿನಷ್ಟು ದೂರವಲ್ಲ, ಆದರೂ ಹನ್ನೆರಡು ವರ್ಷ ನಾನು ನೀರೆಂದುಕೊಂಡಿದ್ದ ಕಡೆ ಮರಳು ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಪ್ಯಾಂಟು ಮಡಿಚಿ ಇಳಿದೆವು. ಪಾದ ಮುಳುಗುವಷ್ಟು ನೀರಿನಲ್ಲಿ ಒಂದು ನಕ್ಷತ್ರಮೀನು, ಅಂಗೈಗಿಂತ ಚಿಕ್ಕದು, ಐದು ತೋಳುಗಳನ್ನೂ ಚಾಚಿ ಮಲಗಿತ್ತು. “ಮುಟ್ಬೇಡ ಅಪ್ಪಾ, ನೋಡು ಅಷ್ಟೇ” ಎಂದಳು. ನೋಡಿದೆ. ಅದು ಒಂದು ತೋಳಿನ ತುದಿಯನ್ನು ಎಷ್ಟು ನಿಧಾನವಾಗಿ ಎತ್ತಿತೆಂದರೆ, ನಾನು ಉಸಿರು ಬಿಡಲಿಲ್ಲ. ದೂರದಲ್ಲಿ ಹಡಗುಗಳು ದೀಪ ಹಚ್ಚಿಕೊಂಡು ನಿಂತಿದ್ದವು. ಯಾರೋ ಒಬ್ಬರು ಅವುಗಳತ್ತ ನಡೆದು ಹೋಗುತ್ತಿದ್ದರೆ ನನಗೇನೂ ಆಶ್ಚರ್ಯವಾಗುತ್ತಿರಲಿಲ್ಲ.

ಮರಳಿ ಬಂದು ದಡದ ಬೆಂಚಿನ ಮೇಲೆ ಕುಳಿತು, ಒಂದು ಸಾಲಿನಗಲದ ಕಾಗದದ ಪಟ್ಟಿಯಲ್ಲಿ, ಪುಷ್ಪಲತಾ ಹೇಳಿದಂತೆಯೇ ಬರೆದೆ: ‘೧೮. ನನ್ನ ತಂದೆಯವರು ಹಡಗಿನವರೆಗೆ ನಡೆದು ಹೋಗುತ್ತಾರೆ.’ ಒಂದಕ್ಷರವನ್ನೂ ತಿದ್ದಲಿಲ್ಲ.

ಮೂರು ವಾರಗಳ ನಂತರ ಅವಳಿಂದ ಒಂದು ಚಿತ್ರ ಬಂತು. ಹದಿನೇಳಕ್ಕೂ ಹತ್ತೊಂಬತ್ತಕ್ಕೂ ನಡುವೆ ಆ ಪಟ್ಟಿಯನ್ನು ಅಂಟಿಸಿದ್ದರು. ಸ್ವಲ್ಪ ಓರೆಯಾಗಿತ್ತು, ಚಿಕ್ಕ ಕೈಯ ಕೆಲಸವಿರಬೇಕು. ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ದೊಡ್ಡ ಹಡಗು, ಅದರತ್ತ ನಡೆಯುವ ಒಬ್ಬ ಮನುಷ್ಯ, ಅವನ ಹೆಗಲ ಮೇಲೆ ಪುಟ್ಟ ಜಡೆಯ ಒಬ್ಬ ಹುಡುಗಿ. ಹಾಳೆಯ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ನೋಡಿದೆ’, ಅದರ ಕೆಳಗೆ ಪುಷ್ಪಲತಾಳ ಸಹಿ, ಸಹಿಯ ಕೆಳಗೆ, ನಾನು ಕಲಿಸಿದ್ದಂತೆಯೇ, ದಿನಾಂಕ: ೩-೩-೨೦೨೪.